ಮಂಗಳೂರಿನಲ್ಲಿ ಒಂದು ಕಂಪೆನಿಯ ಇಪಿಎಬಿಎಕ್ಸ್, ಉಡುಪಿಯಲ್ಲಿ ಇನ್ನೊಂದು: ಎರಡನ್ನೂ ಇಂಟರ್ನೆಟ್ ಮೂಲಕ ಜೋಡಿಸುವ ಸಮಗ್ರ ಮಾರ್ಗದರ್ಶಿ

ಬೈಕಂಪಾಡಿಯಲ್ಲಿ ಗೋದಾಮು, ಉಡುಪಿಯ ಕಲ್ಸಂಕದಲ್ಲಿ ಅಂಗಡಿ, ನಡುವೆ ಹೆದ್ದಾರಿ 66. ಇಂಥ ವ್ಯಾಪಾರ ನಮ್ಮ ಕರಾವಳಿಯಲ್ಲಿ ಎಷ್ಟೋ ಉಂಟು. ಎರಡೂ ಕಡೆ ಇಪಿಎಬಿಎಕ್ಸ್ (ಕಚೇರಿಯ ಒಳಗಿನ ಫೋನ್‌ಗಳನ್ನು ಜೋಡಿಸುವ ಯಂತ್ರ, ಚಿಕ್ಕದಾಗಿ ಪಿಬಿಎಕ್ಸ್) ಇದೆ. ಬೇರೆ ಬೇರೆ ವರ್ಷ ಬೇರೆ ಬೇರೆಯವರು ಕೂರಿಸಿದ್ದು, ಕಂಪೆನಿಯೂ ಬೇರೆ. ಕಚೇರಿಯೊಳಗೆ ಮೂರು ಅಂಕಿ ಒತ್ತಿದರೆ ಪಕ್ಕದ ಮೇಜಿಗೆ ರಿಂಗ್ ಆಗುತ್ತದೆ, ಆದರೆ ಇನ್ನೊಂದು ಶಾಖೆಯ ಜೊತೆ ಮಾತಾಡಲು ಎಲ್ಲರೂ ಸ್ವಂತ ಮೊಬೈಲ್ ತೆಗೆಯುತ್ತಾರೆ. ಶೀಟ್ ಹಾಕಿದ ಗೋದಾಮಿನ ಒಳಗೆ ಸಿಗ್ನಲ್ ಸಿಗದೆ ಹೊರಗೆ ಬಂದು ಮಾತಾಡುತ್ತಾರೆ.

ಇದಕ್ಕಾಗಿ ಒಂದು ಕಡೆಯ ಯಂತ್ರವನ್ನು ಎಸೆದು ಹೊಸದು ಕೊಳ್ಳಬೇಕಾಗಿಲ್ಲ. ಎರಡೂ ಕಡೆಯವರಿಗೆ ಗೊತ್ತಿರುವ ಒಂದು ಸಾಮಾನ್ಯ ಭಾಷೆ ಇದೆ: ಸಿಪ್, ಅಂದರೆ ಇಂಟರ್ನೆಟ್ ಜಾಲದಲ್ಲಿ ಕರೆ ಜೋಡಿಸಲು ಯಂತ್ರಗಳು ಪಾಲಿಸುವ ನಿಯಮಾವಳಿ. ಈಗ ಬಳಕೆಯಲ್ಲಿರುವ ಅದರ ರೂಪ 2002ರಲ್ಲಿ ಆರ್‌ಎಫ್‌ಸಿ 3261 ಎಂಬ ಇಂಟರ್ನೆಟ್ ಮಾನದಂಡದ ದಾಖಲೆಯಾಗಿ ಬಂತು. ಆದರೆ ಸಿಪ್ ಬಹಳ ವಿಷಯಗಳನ್ನು ಆಯ್ಕೆಗೆ ಬಿಟ್ಟಿದೆ, ಒಬ್ಬೊಬ್ಬ ತಯಾರಕ ಒಂದೊಂದನ್ನು ಆರಿಸಿಕೊಂಡಿದ್ದಾನೆ. ಆ ಆಯ್ಕೆಗಳನ್ನು ಮೊದಲು ಕಾಗದದ ಮೇಲೆ ಹೊಂದಿಸಿಕೊಂಡರೆ ಜೋಡಣೆ ಒಂದು ಮಧ್ಯಾಹ್ನದ ಕೆಲಸ. ಹೊಂದಿಸದೆ ನೇರ ಸ್ಕ್ರೀನ್ ಮುಂದೆ ಕೂತರೆ ಎರಡೂ ಕಂಪೆನಿಯ ಸರ್ವಿಸ್‌ನವರು "ನಮ್ಮ ಕಡೆ ಸರಿ ಇದೆ, ಆಚೆಯವರನ್ನು ಕೇಳಿ" ಎಂದು ವಾರಗಟ್ಟಲೆ ಹೇಳುತ್ತಲೇ ಇರುತ್ತಾರೆ.

ಉದಾಹರಣೆಗೆ ಮಂಗಳೂರಿನ ಕಡೆ ಆಸ್ಟರಿಸ್ಕ್ ಎಂಬ ಪಿಬಿಎಕ್ಸ್ ತಂತ್ರಾಂಶದ ಮೇಲೆ ನಡೆಯುವ ಫ್ರೀಪಿಬಿಎಕ್ಸ್, ಉಡುಪಿಯ ಕಡೆ ಗ್ರ್ಯಾಂಡ್‌ಸ್ಟ್ರೀಮ್ ಯುಸಿಎಂ ಇದೆ ಎಂದು ಇಟ್ಟುಕೊಳ್ಳುತ್ತೇನೆ. ನಿಮ್ಮಲ್ಲಿ ಮ್ಯಾಟ್ರಿಕ್ಸ್, ಪ್ಯಾನಸಾನಿಕ್, ಅವಾಯಾ, ಯೀಸ್ಟಾರ್ ಯಾವುದೇ ಇದ್ದರೂ ಮೆನುವಿನ ಹೆಸರು ಬದಲಾಗಬಹುದು, ತುಂಬಬೇಕಾದ ವಿಷಯ ಇದೇ.

ಮೊದಲು ಅರಿತಿರಬೇಕಾದ ಒಂದು ಸಂಗತಿ

ಒಂದು ಕರೆಯಲ್ಲಿ ಎರಡು ಬೇರೆ ಬೇರೆ ಹರಿವು ಇರುತ್ತದೆ. "301ಕ್ಕೆ ರಿಂಗ್ ಮಾಡು", "ಎತ್ತಿದರು", "ಇಟ್ಟರು" ಎಂಬ ಸಂದೇಶಗಳು ಸಿಪ್‌ನಲ್ಲಿ ಹೋಗುತ್ತವೆ, ಸಾಮಾನ್ಯವಾಗಿ 5060ನೇ ಪೋರ್ಟ್‌ನಲ್ಲಿ. ಮಾತು ಮಾತ್ರ ಆರ್‌ಟಿಪಿ ಎಂಬ ಬೇರೆ ದಾರಿಯಲ್ಲಿ, ಪ್ರತಿ ಕರೆಗೂ ಹೊಸ ಪೋರ್ಟ್‌ನಲ್ಲಿ ಹೋಗುತ್ತದೆ. ಆಸ್ಟರಿಸ್ಕ್‌ನಲ್ಲಿ ಸಾಮಾನ್ಯವಾಗಿ 10000ದಿಂದ 20000ದವರೆಗಿನ ಯುಡಿಪಿ ಪೋರ್ಟ್‌ಗಳು ಇದಕ್ಕೆ ಮೀಸಲು. "ಮಾತನ್ನು ಈ ಐಪಿಗೆ, ಈ ಪೋರ್ಟ್‌ಗೆ ಕಳಿಸು" ಎಂಬ ವಿಳಾಸ ಸಿಪ್ ಸಂದೇಶದ ಒಳಗೇ ಬರೆದಿರುತ್ತದೆ. ರಿಂಗ್ ಆಗುತ್ತದೆ ಆದರೆ ಧ್ವನಿ ಇಲ್ಲ, ಅಥವಾ ಒಬ್ಬರಿಗೆ ಮಾತ್ರ ಕೇಳುತ್ತದೆ ಎಂದರೆ ಒಳಗೆ ಬರೆದ ಆ ವಿಳಾಸ ತಪ್ಪಿದೆ ಅಥವಾ ಆ ದಾರಿ ಮುಚ್ಚಿದೆ ಎಂದೇ ಅರ್ಥ. ಇದೊಂದು ತಲೆಯಲ್ಲಿ ಇದ್ದರೆ ಮುಂದಿನ ಅರ್ಧ ತೊಂದರೆಗಳಿಗೆ ಯಾರನ್ನೂ ಕೇಳಬೇಕಾಗಿಲ್ಲ.

ಹೆಜ್ಜೆ 1: ಯಂತ್ರಕ್ಕೆ ಆ ಶಕ್ತಿ ಇದೆಯೇ ನೋಡಿ

ಮಾದರಿ ಸಂಖ್ಯೆ ಬರೆದುಕೊಂಡು ಡೀಲರ್‌ರನ್ನು ಕೇಳಬೇಕಾದ್ದು ಎರಡೇ ಪ್ರಶ್ನೆ: ಸಿಪ್ ಟ್ರಂಕ್ (ಎರಡು ಯಂತ್ರಗಳ ನಡುವೆ ಕರೆ ಸಾಗಿಸುವ ಸಿಪ್ ಕೊಂಡಿ) ಇದೆಯೇ? ಎಷ್ಟು ಚಾನೆಲ್‌ಗೆ (ಏಕಕಾಲದ ಕರೆಗೆ) ಲೈಸೆನ್ಸ್ ಇದೆ? ಪ್ಯಾನಸಾನಿಕ್, ಅವಾಯಾದಂಥ ಯಂತ್ರಗಳಲ್ಲಿ ಸಿಪ್ ಟ್ರಂಕ್ ಚಾನೆಲ್‌ಗಳಿಗೆ ಪ್ರತ್ಯೇಕ ಲೈಸೆನ್ಸ್ ಬೇಕಾಗುತ್ತದೆ. ಅದಿಲ್ಲದೆ ಎಷ್ಟು ಸೆಟ್ಟಿಂಗ್ ಬದಲಿಸಿದರೂ ಕರೆ ಹೋಗದು. ಐಪಿ ಫೋನ್ ಜೋಡಿಸುವ ಲೈಸೆನ್ಸ್ ಬೇರೆ, ಟ್ರಂಕ್ ಲೈಸೆನ್ಸ್ ಬೇರೆ. ಹಾಗೆಯೇ ಅವಾಯಾದ ಸ್ಮಾಲ್ ಕಮ್ಯುನಿಟಿ ನೆಟ್‌ವರ್ಕ್, ಪ್ಯಾನಸಾನಿಕ್‌ನ ಒನ್-ಲುಕ್‌ನಂಥ ಸೌಲಭ್ಯಗಳು ಆಯಾ ಕಂಪೆನಿಯ ಯಂತ್ರಗಳ ನಡುವೆ ಮಾತ್ರ ನಡೆಯುತ್ತವೆ. ನಮಗೆ ಬೇಕಾದ್ದು ಸಾದಾ ಸಿಪ್ ಟ್ರಂಕ್.

ಸಿಪ್ ಇಲ್ಲವೇ ಇಲ್ಲದ ಹಳೆಯ ಅನಲಾಗ್ ಇಪಿಎಬಿಎಕ್ಸ್ ಇದ್ದರೆ ಸಿಪ್ ಮತ್ತು ಅನಲಾಗ್ ಲೈನ್ ನಡುವೆ ಅನುವಾದ ಮಾಡುವ ಒಂದು ವಾಯ್ಸ್ ಗೇಟ್‌ವೇ ಇಡಬೇಕು. ಗೇಟ್‌ವೇಯ ಎಫ್‌ಎಕ್ಸ್‌ಎಸ್ (ಫೋನ್ ಸಿಕ್ಕಿಸುವ) ಪೋರ್ಟನ್ನು ಇಪಿಎಬಿಎಕ್ಸ್‌ನ ಹೊರ ಲೈನ್ ಪೋರ್ಟ್‌ಗೆ ಕೊಡಿ. ಆಗ ಯಂತ್ರ ಅದನ್ನು ಇನ್ನೊಂದು ಟೆಲಿಫೋನ್ ಲೈನ್ ಎಂದೇ ತಿಳಿಯುತ್ತದೆ. ಇಲ್ಲಿ ಎಲ್ಲರೂ ಮರೆಯುವ ಒಂದು ವಿಷಯ ಟೋನ್. ಹೊರದೇಶದ ಗೇಟ್‌ವೇಗಳಲ್ಲಿ ಅಮೆರಿಕದ ಬ್ಯುಸಿ ಟೋನ್, ಅಂದರೆ 480 ಮತ್ತು 620 ಹರ್ಟ್ಸ್, ಹಾಕಿರುವುದುಂಟು. ನಮ್ಮ ದೇಶದ್ದು 400 ಹರ್ಟ್ಸ್, 0.75 ಸೆಕೆಂಡ್ ಸದ್ದು, 0.75 ಸೆಕೆಂಡ್ ಮೌನ. ದೇಶ ಎಂಬಲ್ಲಿ ಇಂಡಿಯಾ ಆರಿಸದಿದ್ದರೆ ಆಚೆಯವರು ಫೋನ್ ಇಟ್ಟದ್ದು ಯಂತ್ರಕ್ಕೆ ತಿಳಿಯದೆ ಲೈನ್ ಗಂಟೆಗಟ್ಟಲೆ ಹಿಡಿದುಕೊಂಡೇ ಇರಬಹುದು.

ಹೆಜ್ಜೆ 2: ಒಂದು ಹಾಳೆ ತೆಗೆದುಕೊಳ್ಳಿ

ಎರಡೂ ಕಡೆಯ ಟೆಕ್ನಿಷಿಯನ್‌ಗಳು ಒಪ್ಪಿ ಬರೆಯಬೇಕಾದ್ದು ಇಷ್ಟು. ಮಂಗಳೂರಿನ ಪಿಬಿಎಕ್ಸ್‌ನ ಐಪಿ 192.168.24.10, ಉಡುಪಿಯದ್ದು 192.168.20.10. ಪೋರ್ಟ್ 5060, ಯುಡಿಪಿ. ರಿಜಿಸ್ಟ್ರೇಷನ್ (ಹೆಸರು, ಪಾಸ್‌ವರ್ಡ್ ಕೊಟ್ಟು ನೋಂದಣಿ) ಇಲ್ಲ, ಐಪಿ ನೋಡಿ ಗುರುತು. ಕೋಡೆಕ್ (ಮಾತನ್ನು ಅಂಕಿಗಳಾಗಿಸುವ ವಿಧಾನ) ಜಿ.711 ಎ-ಲಾ, ಪ್ಯಾಕೆಟ್‌ಗೆ 20 ಮಿಲಿಸೆಕೆಂಡ್ ಮಾತು. ಡಿಟಿಎಂಎಫ್ (ಮಾತಿನ ನಡುವೆ ಒತ್ತಿದ ಅಂಕಿಗಳ ಸದ್ದು) ಆರ್‌ಎಫ್‌ಸಿ 4733, ಹಳೆಯ ಮೆನುಗಳಲ್ಲಿ ಇದನ್ನೇ 2833 ಎಂದು ಬರೆದಿರುತ್ತಾರೆ. ಏಕಕಾಲಕ್ಕೆ ಹೆಚ್ಚೆಂದರೆ 8 ಕರೆ. ಮಂಗಳೂರಿನ ಎಕ್ಸ್‌ಟೆನ್ಷನ್ 2ರಿಂದ ಶುರು, ಉಡುಪಿಯದ್ದು 3ರಿಂದ.

ಈ ಕೊನೆಯ ಸಾಲಿಗೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. ಬಹಳ ಕಡೆ ಎರಡೂ ಕಚೇರಿಯಲ್ಲಿ 201ರಿಂದಲೇ ಎಕ್ಸ್‌ಟೆನ್ಷನ್ ಶುರುವಾಗಿರುತ್ತದೆ. ನನ್ನ ಸಲಹೆ: ಚಿಕ್ಕ ಕಚೇರಿಯ ಸಂಖ್ಯೆಗಳನ್ನು ಬದಲಿಸಿಬಿಡಿ. ಇಪ್ಪತ್ತು ಜನ ಒಂದು ವಾರ ಗೊಣಗುತ್ತಾರೆ, ಆಮೇಲೆ ಅಭ್ಯಾಸವಾಗುತ್ತದೆ. ಬದಲಿಸಲು ಸಾಧ್ಯವೇ ಇಲ್ಲ ಎಂದರೆ (ಆಸ್ಪತ್ರೆಗಳಲ್ಲಿ ವಾರ್ಡ್ ಸಂಖ್ಯೆಯೇ ಎಕ್ಸ್‌ಟೆನ್ಷನ್ ಆಗಿರುತ್ತದೆ) ಶಾಖೆಗೊಂದು ಮುಂಗುರುತು ಕೊಡಿ. ನಮ್ಮ ಜನಕ್ಕೆ ನೆನಪಿಡಲು ಸುಲಭವಾದದ್ದು ಎಸ್‌ಟಿಡಿ ಕೋಡ್: ಮಂಗಳೂರಿಗೆ 0824, ಉಡುಪಿಗೆ 0820. ಉಡುಪಿಯ 201 ಬೇಕಾದರೆ ಕೋಡ್‌ನ ಮೊದಲ ಸೊನ್ನೆ ಬಿಟ್ಟು 820201 ಒತ್ತುವುದು. ಆದರೆ ಹಾಗೆ ಮಾಡುವಾಗ ಕಾಲರ್ ಐಡಿಗೂ ಅದೇ ಮುಂಗುರುತು ಸೇರಿಸಬೇಕು. ಸೇರಿಸದಿದ್ದರೆ ಮಂಗಳೂರಿನ 201ರ ಕರೆ ಉಡುಪಿಯ ಫೋನ್‌ನಲ್ಲಿ ಬರೀ 201 ಎಂದು ಕಾಣುತ್ತದೆ. ಮಿಸ್ಡ್ ಕಾಲ್ ನೋಡಿ ತಿರುಗಿ ಒತ್ತಿದರೆ ಪಕ್ಕದ ಮೇಜಿನವರಿಗೆ ರಿಂಗ್ ಆಗುತ್ತದೆ. 8ರಿಂದ ಶುರುವಾಗುವ ಎಕ್ಸ್‌ಟೆನ್ಷನ್ ಅಥವಾ ಫೀಚರ್ ಕೋಡ್ ಮೊದಲೇ ಇದೆಯೇ ಎಂಬುದನ್ನೂ ನೋಡಿಕೊಳ್ಳಿ.

ಎ-ಲಾ ಯಾಕೆ ಎಂದರೆ ಭಾರತದ ಟೆಲಿಫೋನ್ ಜಾಲ ಅದರಲ್ಲೇ ನಡೆಯುವುದು. ಮ್ಯೂ-ಲಾ ಅಮೆರಿಕ, ಜಪಾನಿನದ್ದು. ಮೊದಲ ಪರೀಕ್ಷೆಗೆ ಎ-ಲಾ ಒಂದನ್ನೇ ಇಟ್ಟು ಉಳಿದದ್ದನ್ನೆಲ್ಲ ತೆಗೆಯಿರಿ, ಒಮ್ಮೆ ಮಾತು ಕೇಳಿದ ಮೇಲೆ ಬೇರೆ ಕೋಡೆಕ್ ವಿಚಾರ ಮಾಡಬಹುದು.

ಹೆಜ್ಜೆ 3: ಎರಡು ಕಚೇರಿಗಳ ನಡುವೆ ವಿಪಿಎನ್

ವಿಪಿಎನ್ ಎಂದರೆ ಇಂಟರ್ನೆಟ್ ಒಳಗೆ ಈ ಎರಡು ಕಚೇರಿಗಳಿಗೆ ಮಾತ್ರ ಇರುವ ಗುಪ್ತ ದಾರಿ. ಇದೇ ಇಡೀ ಕೆಲಸದ ಅಡಿಪಾಯ. 5060ನೇ ಪೋರ್ಟನ್ನು ಇಂಟರ್ನೆಟ್‌ಗೆ ತೆರೆದಿಟ್ಟು ಎರಡು ಪಿಬಿಎಕ್ಸ್‌ಗಳನ್ನು ಜೋಡಿಸುವುದು ಸಾಧ್ಯ, ಆದರೆ ಮಾಡಬೇಡಿ. ತೆರೆದ 5060 ಹುಡುಕುತ್ತಾ ಜಗತ್ತಿನ ಮೂಲೆ ಮೂಲೆಯಿಂದ ಯಂತ್ರಗಳು ಹಗಲೂ ರಾತ್ರಿ ಬಡಿಯುತ್ತಿರುತ್ತವೆ. ಒಂದು ದುರ್ಬಲ ಪಾಸ್‌ವರ್ಡ್ ಸಿಕ್ಕಿದರೆ ನಿಮ್ಮ ಲೈನ್‌ನಿಂದ ಐಎಸ್‌ಡಿ ಕರೆಗಳು ಹೋಗುತ್ತವೆ, ಬಿಲ್ ನಿಮಗೆ ಬರುತ್ತದೆ.

ಮೊದಲ ಅಡ್ಡಿ: ಎರಡೂ ಕಚೇರಿಯ ರೂಟರ್ 192.168.1.1 ಆಗಿರುವುದು. ಎರಡೂ ಕಡೆ ಒಂದೇ ವಿಳಾಸಗಳಿದ್ದರೆ ವಿಪಿಎನ್‌ಗೆ ಯಾವುದು ಈಚೆ, ಯಾವುದು ಆಚೆ ಗೊತ್ತಾಗುವುದಿಲ್ಲ. ಕಡಿಮೆಯೆಂದರೆ ಒಂದು ಕಡೆಯಾದರೂ ಬದಲಿಸಲೇಬೇಕು. ನಾನು ಎರಡನ್ನೂ ಬದಲಿಸಿ ಮಂಗಳೂರಿಗೆ 192.168.24, ಉಡುಪಿಗೆ 192.168.20 ಎಂದು ಎಸ್‌ಟಿಡಿ ಕೋಡ್‌ನ ಕೊನೆಯ ಅಂಕಿಗಳನ್ನೇ ಇಡುತ್ತೇನೆ, ನೋಡಿದ ಕೂಡಲೇ ಊರು ತಿಳಿಯುತ್ತದೆ. ಪ್ರಿಂಟರ್, ಸಿಸಿಟಿವಿ ಡಿವಿಆರ್, ಬಿಲ್ಲಿಂಗ್ ಕಂಪ್ಯೂಟರ್‌ಗಳ ವಿಳಾಸವೂ ಬದಲಾಗುವುದರಿಂದ ಈ ಕೆಲಸಕ್ಕೆ ಭಾನುವಾರ ಒಳ್ಳೆಯದು.

ಎರಡನೆಯದು ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಇಂಟರ್ನೆಟ್ ವಿಳಾಸ. ಒಂದು ಕಡೆ ಇದ್ದರೆ ಸಾಕು. ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿ, ಸ್ಟ್ಯಾಟಿಕ್ ಇಲ್ಲದ ಕಡೆಯಿಂದ ಇರುವ ಕಡೆಗೆ ಕನೆಕ್ಟ್ ಆಗುವಂತೆ ಮಾಡಿ, ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡ್ ಇಡಿ. ನಿಮ್ಮ ರೂಟರ್‌ನ ವ್ಯಾನ್ (ಇಂಟರ್ನೆಟ್ ಕಡೆಯ) ವಿಳಾಸ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನೀವು ಸಿಜಿ-ನ್ಯಾಟ್ (ಸೇವೆಯವರು ಒಂದೇ ವಿಳಾಸವನ್ನು ಹಲವರಿಗೆ ಹಂಚುವ ವ್ಯವಸ್ಥೆ) ಹಿಂದೆ ಇದ್ದೀರಿ, ಹೊರಗಿನಿಂದ ನಿಮ್ಮನ್ನು ಯಾರೂ ಮುಟ್ಟಲಾರರು. ಎರಡೂ ಕಡೆ ಹೀಗೇ ಇದ್ದರೆ ಒಬ್ಬರ ಬಳಿಯಾದರೂ ಸ್ಟ್ಯಾಟಿಕ್ ಐಪಿ ಕೊಳ್ಳಿ. ಇಲ್ಲವೇ ಒಂದು ಚಿಕ್ಕ ಕ್ಲೌಡ್ ಸರ್ವರ್ ಬಾಡಿಗೆಗೆ ಪಡೆದು ಎರಡೂ ಕಚೇರಿ ಅಲ್ಲಿಗೆ ಸೇರುವಂತೆ ಮಾಡಿ.

ಬ್ಯಾಂಡ್‌ವಿಡ್ತ್ ಲೆಕ್ಕ ಸರಳ. ಜಿ.711ರ ಮಾತು 64 ಕಿಲೋಬಿಟ್, ಐಪಿ ತಲೆಬರಹ ಸೇರಿ 80, ವೈರ್‌ಗಾರ್ಡ್‌ನ ಹೊದಿಕೆ ಸೇರಿದರೆ 100 ದಾಟುತ್ತದೆ. 8 ಕರೆಗೆ ಎರಡೂ ದಿಕ್ಕಿನಲ್ಲಿ 1 ಮೆಗಾಬಿಟ್ ಇಟ್ಟುಕೊಳ್ಳಿ. ಈಗಿನ ಫೈಬರ್‌ನಲ್ಲಿ ಇದು ದೊಡ್ಡ ಸಂಗತಿಯಲ್ಲ. ತೊಂದರೆ ಬರುವುದು ಸಿಸಿಟಿವಿ ಅಥವಾ ಬ್ಯಾಕಪ್ ಅಪ್‌ಲೋಡನ್ನು ಪೂರ್ತಿ ನುಂಗಿದಾಗ. ರೂಟರ್‌ನ ಕ್ಯೂಒಎಸ್‌ನಲ್ಲಿ ಪಿಬಿಎಕ್ಸ್‌ನ ಐಪಿಗೆ ಮೊದಲ ಆದ್ಯತೆ ಕೊಡಿ. ಐಟಿಯು ಹೇಳುವ ಪ್ರಕಾರ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಒಳಗಿದ್ದರೆ ಮಾತುಕತೆ ಸಹಜವಾಗಿ ನಡೆಯುತ್ತದೆ.

ಎರಡೂ ರೂಟರ್‌ನಲ್ಲಿ ಸಿಪ್ ಎಎಲ್‌ಜಿ ಎಂಬುದನ್ನು ಆಫ್ ಮಾಡಿ. ಸಹಾಯ ಮಾಡಲೆಂದು ಹಾಕಿದ ಈ ಸೌಲಭ್ಯ ಸಂದೇಶದ ಒಳಗಿನ ವಿಳಾಸಗಳನ್ನು ತಿದ್ದಿ ಹಾಳು ಮಾಡುವುದೇ ಹೆಚ್ಚು. ಇಷ್ಟಾದ ಮೇಲೆ ಮಂಗಳೂರಿನಿಂದ 192.168.20.10ಕ್ಕೆ ಪಿಂಗ್ (ದಾರಿ ಇದೆಯೇ ಎಂದು ನೋಡುವ ಸಂದೇಶ) ಹೋಗಬೇಕು, ಉಡುಪಿಯಿಂದ ಇತ್ತಲೂ ಬರಬೇಕು. ಪಿಂಗ್ ಬಾರದೆ ಮುಂದಿನ ಹೆಜ್ಜೆಗೆ ಹೋಗಬೇಡಿ.

ಹೆಜ್ಜೆ 4: ಮಂಗಳೂರಿನ ಕಡೆ, ಫ್ರೀಪಿಬಿಎಕ್ಸ್

ಮೊದಲು ಸೆಟ್ಟಿಂಗ್ಸ್‌ನಲ್ಲಿ ಆಸ್ಟರಿಸ್ಕ್ ಸಿಪ್ ಸೆಟ್ಟಿಂಗ್ಸ್ ತೆರೆಯಿರಿ. ಲೋಕಲ್ ನೆಟ್‌ವರ್ಕ್ಸ್ ಎಂಬಲ್ಲಿ 192.168.24.0/24 ಮತ್ತು 192.168.20.0/24 ಎರಡನ್ನೂ ಸೇರಿಸಿ. ಉಡುಪಿಯದ್ದನ್ನು ಸೇರಿಸದೆ ಬಿಟ್ಟರೆ ಆಸ್ಟರಿಸ್ಕ್ ಅದನ್ನು ಹೊರಗಿನ ಜಾಲ ಎಂದು ತಿಳಿದು ಮಾತಿನ ವಿಳಾಸವಾಗಿ ಪಬ್ಲಿಕ್ ಐಪಿ ಬರೆದು ಕಳಿಸುತ್ತದೆ. ಉಡುಪಿಯವರ ಮಾತು ವಿಪಿಎನ್ ಬಿಟ್ಟು ಬೀದಿಗೆ ಹೋಗುತ್ತದೆ, ನಿಮಗೆ ಕೇಳುವುದಿಲ್ಲ. ವಿಪಿಎನ್ ಇದ್ದೂ ಧ್ವನಿ ಒಂದೇ ಕಡೆ ಬರುತ್ತಿದ್ದರೆ ಮೊದಲು ನೋಡಬೇಕಾದ ಜಾಗ ಇದು. ಫೈರ್‌ವಾಲ್‌ನಲ್ಲೂ ಅದೇ ಜಾಲವನ್ನು ನಂಬಿಕೆಯ ವಲಯಕ್ಕೆ ಹಾಕಿ.

ಈಗ ಕನೆಕ್ಟಿವಿಟಿ, ಟ್ರಂಕ್ಸ್, ಆ್ಯಡ್ ಪಿಜೆಸಿಪ್ ಟ್ರಂಕ್. ಸಿಪ್ ನಡೆಸುವ ಹಳೆಯ ಭಾಗವಾದ ಚಾನ್‌ಸಿಪ್ ಬೇಡ, ಆಸ್ಟರಿಸ್ಕ್ 21ರಿಂದ ಅದನ್ನು ತೆಗೆದೇ ಹಾಕಿದ್ದಾರೆ. ಹೆಸರು "ಉಡುಪಿ", ಮ್ಯಾಕ್ಸಿಮಮ್ ಚಾನೆಲ್ಸ್ 8. ಪಿಜೆಸಿಪ್ ಸೆಟ್ಟಿಂಗ್ಸ್‌ನಲ್ಲಿ ಅಥೆಂಟಿಕೇಷನ್ ನನ್, ರಿಜಿಸ್ಟ್ರೇಷನ್ ನನ್, ಸಿಪ್ ಸರ್ವರ್ 192.168.20.10, ಪೋರ್ಟ್ 5060. ಕೋಡೆಕ್ಸ್‌ನಲ್ಲಿ ಎ-ಲಾ ಮಾತ್ರ. ಅಡ್ವಾನ್ಸ್ಡ್‌ನಲ್ಲಿ ಕ್ವಾಲಿಫೈ ಫ್ರೀಕ್ವೆನ್ಸಿ 60, ಅಂದರೆ ನಿಮಿಷಕ್ಕೊಮ್ಮೆ "ಇದ್ದೀರಾ" ಎಂದು ಆಚೆಯ ಯಂತ್ರವನ್ನು ವಿಚಾರಿಸುತ್ತದೆ. ಡೈರೆಕ್ಟ್ ಮೀಡಿಯಾ ನೋ.

ಕಾಂಟೆಕ್ಸ್ಟ್ ಎಂಬ ಒಂದು ಖಾನೆಯಲ್ಲಿ ಬಹಳ ಜನ "ಫ್ರಮ್-ಇಂಟರ್ನಲ್" ಎಂದು ಹಾಕುತ್ತಾರೆ. ಕೆಲಸ ನಡೆಯುತ್ತದೆ, ಆದರೆ ಉಡುಪಿಯ ಯಾವ ಫೋನ್‌ನಿಂದ ಬೇಕಾದರೂ ಮಂಗಳೂರಿನ ಹೊರ ಲೈನ್ ಹಿಡಿದು ಕರೆ ಮಾಡಲು ದಾರಿಯಾಗುತ್ತದೆ. "ಫ್ರಮ್-ಡಿಐಡಿ-ಡೈರೆಕ್ಟ್" ಎಂದು ಹಾಕಿ, ಆಗ ಬಂದ ಕರೆ ಎಕ್ಸ್‌ಟೆನ್ಷನ್‌ಗಳಿಗೆ ಮಾತ್ರ ತಲುಪುತ್ತದೆ.

ಔಟ್‌ಬೌಂಡ್ ರೂಟ್ಸ್‌ನಲ್ಲಿ ಹೊಸ ರೂಟ್ ಮಾಡಿ, ಇಂಟ್ರಾ-ಕಂಪೆನಿ ಎಂಬುದನ್ನು ಆರಿಸಿ (ಕರೆ ಮಾಡಿದವರ ಎಕ್ಸ್‌ಟೆನ್ಷನ್ ಸಂಖ್ಯೆ ಹಾಗೆಯೇ ಹೋಗಲು), ಡಯಲ್ ಪ್ಯಾಟರ್ನ್ 3 ಮತ್ತು ಎರಡು ಎಕ್ಸ್ (ಎಕ್ಸ್ ಎಂದರೆ ಯಾವುದೇ ಒಂದು ಅಂಕಿ). ಟ್ರಂಕ್ ಉಡುಪಿ. ಎರಡನೆಯ ಟ್ರಂಕ್ ಆಗಿ ಹೊರ ಲೈನ್ ಸೇರಿಸಬೇಡಿ: ವಿಪಿಎನ್ ಬಿದ್ದಾಗ 301 ಎಂಬ ಮೂರು ಅಂಕಿ ಟೆಲಿಫೋನ್ ಎಕ್ಸ್‌ಚೇಂಜ್‌ಗೆ ಹೋಗುತ್ತದೆ. ಈ ರೂಟನ್ನು ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಎಳೆಯಿರಿ, ಅಪ್ಲೈ ಕಾನ್ಫಿಗ್ ಒತ್ತಿ.

ಹೆಜ್ಜೆ 5: ಉಡುಪಿಯ ಕಡೆ, ಯುಸಿಎಂ

ಎಕ್ಸ್‌ಟೆನ್ಷನ್/ಟ್ರಂಕ್‌ನಲ್ಲಿ ವಿಒಐಪಿ ಟ್ರಂಕ್ಸ್, ಕ್ರಿಯೇಟ್ ಸಿಪ್ ಟ್ರಂಕ್. ವಿಧ "ಪಿಯರ್", ರಿಜಿಸ್ಟರ್ ಅಲ್ಲ. ಹೋಸ್ಟ್ 192.168.24.10. ಉಳಿಸಿದ ಮೇಲೆ ಮತ್ತೆ ಎಡಿಟ್ ತೆರೆದರೆ ಕೋಡೆಕ್, ಡಿಟಿಎಂಎಫ್, ಹಾರ್ಟ್‌ಬೀಟ್ ಡಿಟೆಕ್ಷನ್ ಸಿಗುತ್ತವೆ, ಹಾಳೆಯಲ್ಲಿ ಬರೆದಂತೆ ತುಂಬಿ. ಕೀಪ್ ಒರಿಜಿನಲ್ ಸಿಐಡಿ ಆನ್ ಮಾಡಿ. ಸಿಪ್ ಸೆಟ್ಟಿಂಗ್ಸ್‌ನ ನ್ಯಾಟ್ ಪುಟದಲ್ಲಿ ಮಂಗಳೂರಿನ ಜಾಲವನ್ನೂ ಲೋಕಲ್ ನೆಟ್‌ವರ್ಕ್ ಆಗಿ ಸೇರಿಸಬೇಕು.

ಔಟ್‌ಬೌಂಡ್ ರೂಟ್‌ನ ಪ್ಯಾಟರ್ನ್ ಅಂಡರ್‌ಸ್ಕೋರ್, 2, ಎರಡು ಎಕ್ಸ್. ಸ್ಟ್ರಿಪ್ ಸೊನ್ನೆ. ಪ್ರಿವಿಲೇಜ್ ಇಂಟರ್ನಲ್ ಸಾಕು. ಇನ್‌ಬೌಂಡ್ ರೂಟ್ ಬೇರೆ ಮಾಡಬೇಕು, ಇದನ್ನು ಬಿಟ್ಟರೆ ಉಡುಪಿಯಿಂದ ಕರೆ ಹೋಗುತ್ತದೆ, ಬರುವುದಿಲ್ಲ. ಪ್ಯಾಟರ್ನ್ ಅಂಡರ್‌ಸ್ಕೋರ್, 3, ಎರಡು ಎಕ್ಸ್; ಡೀಫಾಲ್ಟ್ ಡೆಸ್ಟಿನೇಷನ್ "ಬೈ ಡಿಐಡಿ" (ಒತ್ತಿದ ಸಂಖ್ಯೆಯ ಪ್ರಕಾರ), ಅದರಲ್ಲಿ ಎಕ್ಸ್‌ಟೆನ್ಷನ್‌ಗೆ ಮಾತ್ರ ಟಿಕ್.

ಬೇರೆ ಕಂಪೆನಿಯ ಯಂತ್ರವಿದ್ದರೂ ಹುಡುಕಬೇಕಾದ್ದು ಇವೇ ನಾಲ್ಕು: ಆಚೆಯ ಯಂತ್ರದ ವಿಳಾಸ, ಹೋಗುವ ಕರೆಯ ಪ್ಯಾಟರ್ನ್, ಬರುವ ಕರೆಯ ಗುರಿ, ಕೋಡೆಕ್-ಡಿಟಿಎಂಎಫ್.

ಹೆಜ್ಜೆ 6: ಪರೀಕ್ಷೆ

ಟ್ರಂಕ್ ಸ್ಥಿತಿ ಎರಡೂ ಕಡೆ ಹಸಿರು ಆದ ಮೇಲೆ 201ರಿಂದ 301ಕ್ಕೆ, ಆಮೇಲೆ ತಿರುಗಿ. ಇಬ್ಬರಿಗೂ ಕೇಳಬೇಕು. ಮಾತಿನ ನಡುವೆ ಹೋಲ್ಡ್ ಹಾಕಿ ತೆಗೆಯಿರಿ, ಇನ್ನೊಂದು ಎಕ್ಸ್‌ಟೆನ್ಷನ್‌ಗೆ ಟ್ರಾನ್ಸ್‌ಫರ್ ಮಾಡಿ. ಬೇರೆ ತಯಾರಕರ ನಡುವೆ ಮೊದಲು ಮುರಿಯುವುದು ಈ ಎರಡೇ. ಒಂದು ಕರೆಯನ್ನು ಮುಕ್ಕಾಲು ಗಂಟೆ ಹಾಗೆಯೇ ಬಿಡಿ. ಕೊನೆಗೆ ಒಂದು ಕಡೆಯ ಇಂಟರ್ನೆಟ್ ಕೇಬಲ್ ಎಳೆದು ಮತ್ತೆ ಸಿಕ್ಕಿಸಿ, ಯಾರೂ ಮುಟ್ಟದೆ ಟ್ರಂಕ್ ತಾನಾಗಿ ಎದ್ದು ನಿಲ್ಲಬೇಕು.

ಸರಿ ಆಗದಿದ್ದರೆ

ಸಿಪ್ ಉತ್ತರದಲ್ಲಿ ಬರುವ ಸಂಖ್ಯೆಯನ್ನು ಓದಿ, ಊಹೆ ಬೇಡ. ಆಸ್ಟರಿಸ್ಕ್ ಕಮಾಂಡ್‌ನಲ್ಲಿ "ಪಿಜೆಸಿಪ್ ಸೆಟ್ ಲಾಗರ್ ಆನ್" ಕೊಟ್ಟರೆ ಅಥವಾ ಎಸ್‌ಎನ್‌ಗ್ರೆಪ್ ಎಂಬ ಉಪಕರಣ ತೆರೆದರೆ ಪ್ರತಿ ಸಂದೇಶವೂ ಕಾಣುತ್ತದೆ. ಯುಸಿಎಂನಲ್ಲಿ ಎತರ್ನೆಟ್ ಕ್ಯಾಪ್ಚರ್ ಉಂಟು, ಆ ಕಡತವನ್ನು ವೈರ್‌ಶಾರ್ಕ್‌ನಲ್ಲಿ ತೆರೆಯಬಹುದು. 401 ಅಥವಾ 403 ಬಂದರೆ ಆಚೆಯ ಯಂತ್ರ ನಿಮ್ಮನ್ನು ಗುರುತಿಸಿಲ್ಲ: ಐಪಿ ಬೇರೆ ಕಾಣುತ್ತಿದೆ, ವಿಪಿಎನ್ ರೂಟರ್ ನಡುವೆ ನ್ಯಾಟ್ (ವಿಳಾಸ ಬದಲಾವಣೆ) ಮಾಡುತ್ತಿರಬೇಕು. 404 ಎಂದರೆ ಗುರುತಿಸಿದೆ, ಆದರೆ ನೀವು ಕಳಿಸಿದ ಸಂಖ್ಯೆ ಅಲ್ಲಿಲ್ಲ: ಅಂಕಿ ಹೆಚ್ಚಾಗಿದೆ ಅಥವಾ ಕಡಿಮೆಯಾಗಿದೆ. 488 ಬಂದರೆ ಕೋಡೆಕ್ ಹೊಂದಿಲ್ಲ. 408, ಅಥವಾ ಉತ್ತರವೇ ಇಲ್ಲ ಎಂದರೆ ದಾರಿ ಮುಚ್ಚಿದೆ.

ಕರೆ ಸರಿಯಾಗಿ ಸಿಕ್ಕಿ, ಮಾತಾಡಿ, 32 ಸೆಕೆಂಡ್ ಆಗುತ್ತಿದ್ದಂತೆ ಕಡಿದರೆ ಗಾಬರಿ ಬೇಡ, ಇದು ತೀರಾ ಪರಿಚಿತ ರೋಗ. ಫೋನ್ ಎತ್ತಿದ ಕಡೆಯ ಯಂತ್ರ 200 ಓಕೆ ಕಳಿಸಿ ಎಸಿಕೆ ಎಂಬ ಒಪ್ಪಿಗೆಗಾಗಿ ಕಾಯುತ್ತದೆ. ಅದು ಬಾರದಿದ್ದರೆ ಸಿಪ್ ನಿಯಮದಂತೆ 32 ಸೆಕೆಂಡ್ ಕಾದು ಕರೆ ಕಡಿಯುತ್ತದೆ. ಎಸಿಕೆ ತಪ್ಪು ವಿಳಾಸಕ್ಕೆ ಹೋಗುತ್ತಿದೆ ಎಂದರ್ಥ: ಮತ್ತೆ ಲೋಕಲ್ ನೆಟ್‌ವರ್ಕ್ ಮತ್ತು ಸಿಪ್ ಎಎಲ್‌ಜಿ ನೋಡಿ. ಸರಿಯಾಗಿ 15 ಅಥವಾ 30 ನಿಮಿಷಕ್ಕೆ ಕಡಿಯುತ್ತಿದ್ದರೆ ಸೆಷನ್ ಟೈಮರ್ ಜಗಳ. ಒಂದು ಯಂತ್ರ ಕರೆಯನ್ನು ನವೀಕರಿಸಲು ಕೇಳುತ್ತದೆ, ಇನ್ನೊಂದು ತಿರಸ್ಕರಿಸುತ್ತದೆ. ಒಂದು ಕಡೆ ಟೈಮರ್ ಆಫ್ ಮಾಡಿ ನೋಡಿ. ಕೆಲವು ಫೋನ್‌ಗಳಿಂದ ಮಾತ್ರ ಕರೆ ಹೋಗದಿದ್ದರೆ ಸಿಪ್ ಸಂದೇಶ ಉದ್ದವಾಗಿ ತುಂಡಾಗುತ್ತಿರಬಹುದು. ವಿಪಿಎನ್‌ನ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಸಾದಾ ಲೈನ್‌ಗಿಂತ ಕಡಿಮೆ, ವೈರ್‌ಗಾರ್ಡ್‌ನಲ್ಲಿ ಸಾಮಾನ್ಯವಾಗಿ 1420. ಕೋಡೆಕ್ ಪಟ್ಟಿ ಚಿಕ್ಕದು ಮಾಡಿ, ಅಥವಾ ಎರಡೂ ಕಡೆ ಯುಡಿಪಿ ಬದಲು ಟಿಸಿಪಿ ಆರಿಸಿ.

ಕಾನೂನು ಮತ್ತು ಮಳೆಗಾಲ

ಒಂದು ಊರಿನ ಎಕ್ಸ್‌ಟೆನ್ಷನ್ ಇನ್ನೊಂದು ಊರಿನ ನಿಮ್ಮದೇ ಎಕ್ಸ್‌ಟೆನ್ಷನ್ ಜೊತೆ ಮಾತಾಡುವುದಕ್ಕಷ್ಟೇ ಈ ಜೋಡಣೆ. ಉಡುಪಿಯಿಂದ ಇಂಟರ್ನೆಟ್‌ನಲ್ಲಿ ಮಂಗಳೂರಿಗೆ ಬಂದು ಅಲ್ಲಿನ ಲ್ಯಾಂಡ್‌ಲೈನ್ ಹಿಡಿದು ಹೊರಗೆ ಕರೆ ಮಾಡುವುದು ಟೋಲ್ ಬೈಪಾಸ್. ನಮ್ಮ ದೇಶದ ದೂರಸಂಪರ್ಕ ನಿಯಮ ಇದನ್ನು ಒಪ್ಪುವುದಿಲ್ಲ. ಸಿಸ್ಕೋದವರು ತಮ್ಮ ಕಾಲ್ ಮ್ಯಾನೇಜರ್‌ನಲ್ಲಿ ಲಾಜಿಕಲ್ ಪಾರ್ಟಿಷನಿಂಗ್ ಎಂಬ ಸೌಲಭ್ಯವನ್ನು ಸೇರಿಸಿದ್ದೇ ಭಾರತದ ಈ ನಿಯಮಕ್ಕಾಗಿ. ಹೊರಗಿನ ಗಿರಾಕಿಯ ಕರೆಯನ್ನು ಟ್ರಂಕ್ ಮೂಲಕ ಇನ್ನೊಂದು ಶಾಖೆಗೆ ಕಳಿಸುವ ಯೋಚನೆ ಇದ್ದರೆ ಮೊದಲು ನಿಮ್ಮ ಟೆಲಿಫೋನ್ ಸೇವೆಯವರಿಂದ ಬರಹದಲ್ಲಿ ಉತ್ತರ ಪಡೆಯಿರಿ.

ಜೂನ್ ಬರುವ ಮೊದಲು ಎರಡೂ ಕಡೆ ಪಿಬಿಎಕ್ಸ್, ರೂಟರ್, ಫೈಬರ್‌ನ ಓಎನ್‌ಯು (ಫೈಬರ್ ಮೋಡೆಮ್), ಸ್ವಿಚ್ ಈ ನಾಲ್ಕನ್ನೂ ಒಂದೇ ಯುಪಿಎಸ್‌ಗೆ ಕೊಡಿ. ಪಿಬಿಎಕ್ಸ್‌ಗೆ ಮಾತ್ರ ಯುಪಿಎಸ್ ಇಟ್ಟು ಓಎನ್‌ಯು ಬಿಟ್ಟರೆ ಕರೆಂಟ್ ಹೋದ ಕೂಡಲೇ ಟ್ರಂಕ್ ಹೋಗುತ್ತದೆ. ತಾಮ್ರದ ಲೈನ್ ಇರುವ ಕಡೆ ಸಿಡಿಲು ಒಳಗೆ ಬರುವುದು ಆ ತಂತಿಯಲ್ಲೇ. ಒಳ್ಳೆಯ ಅರ್ಥಿಂಗ್ ಮತ್ತು ಪ್ರತಿ ಹೊರ ಲೈನ್‌ಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ.

ಎಲ್ಲ ಸರಿಯಾದ ದಿನವೇ ಎರಡೂ ಪಿಬಿಎಕ್ಸ್ ಮತ್ತು ರೂಟರ್‌ಗಳ ಕಾನ್ಫಿಗರೇಷನ್ ಬ್ಯಾಕಪ್ ತೆಗೆದು ಯಂತ್ರದ ಹೊರಗೆ ಇಡಿ. ಹೆಜ್ಜೆ 2ರ ಹಾಳೆಯ ಒಂದೊಂದು ಪ್ರತಿಯನ್ನು ಎರಡೂ ಕಚೇರಿಯ ರ‍್ಯಾಕ್ ಬಾಗಿಲಿನ ಒಳಬದಿಗೆ ಅಂಟಿಸಿ, ಪಾಸ್‌ವರ್ಡ್‌ಗಳನ್ನು ಮಾತ್ರ ಅದರಲ್ಲಿ ಬರೆಯಬೇಡಿ.